ಕುಲಿಬಾಲಿ: ರಕ್ತಕ್ಕಿಂತ ಹೆಚ್ಚಾಗಿ ನಂಟನ್ನು ಹೇಳುವ ಒಂದು ಮನೆತನದ ಹೆಸರು

ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ ಇಬ್ಬರು ಅಪರಿಚಿತರು ಎದುರಾದರೆ ಕುಶಲ ವಿಚಾರಣೆ ಬೇಗ ಮುಗಿಯುವುದಿಲ್ಲ. ಬೆಳಗಿನ ಹೊತ್ತಾದರೆ ಒಬ್ಬರು ‘ಇ ನಿ ಸೊಗೊಮ’ ಎಂದು ಆರಂಭಿಸುತ್ತಾರೆ. ಉತ್ತರಿಸುವವರು ಗಂಡಸಾದರೆ ‘ಎಂಬಾ’ ಎಂದೂ ಹೆಂಗಸಾದರೆ ‘ಎನ್‌ಸೆ’ ಎಂದೂ ಓಗೊಡುತ್ತಾರೆ. ಮನೆಯವರ, ಮಕ್ಕಳ, ಊರಿನವರ ಕ್ಷೇಮವನ್ನೆಲ್ಲ ಕೇಳಿ ಹೇಳಿ ಆದಮೇಲೆ, ಅಥವಾ ಅದಕ್ಕೂ ಮೊದಲೇ, ‘ನಿಮ್ಮ ಜಾಮು ಯಾವುದು?’ ಎಂಬ ಪ್ರಶ್ನೆ ಬರುತ್ತದೆ. ಬಂಬಾರಾ ಭಾಷೆಯಲ್ಲಿ ಜಾಮು ಎಂದರೆ ತಂದೆಯಿಂದ ಮಕ್ಕಳಿಗೆ ಬರುವ ಮನೆತನದ ಹೆಸರು. ಕೇತಾ, ತ್ರಾವೊರೆ, ಜಾರಾ, ಕೋನೆ, ದೆಂಬೆಲೆ ಮುಂತಾದ ಹಲವು ಜಾಮುಗಳಲ್ಲಿ ಬಂಬಾರಾ ಜನರೊಡನೆ ಅತ್ಯಂತ ಗಾಢವಾಗಿ ಬೆಸೆದುಕೊಂಡಿರುವುದು ಕುಲಿಬಾಲಿ. ಉತ್ತರ ಕುಲಿಬಾಲಿ ಎಂದಾಗಿದ್ದರೆ ಕೇಳಿದವರ ಮುಖದಲ್ಲಿ ನಗು ಮೂಡುವುದು ಬಹುತೇಕ ಖಚಿತ. ಆ ನಗುವಿಗೆ ಕಾರಣವೇನು, ಒಂದೇ ಹೆಸರನ್ನು ಹೊತ್ತ ಲಕ್ಷಾಂತರ ಜನರು ನಿಜಕ್ಕೂ ಒಂದೇ ವಂಶದವರೇ ಎಂಬ ಪ್ರಶ್ನೆಗಳು ಇತಿಹಾಸ, ತಳಿವಿಜ್ಞಾನ ಮತ್ತು ಮಾನವಶಾಸ್ತ್ರ ಮೂರನ್ನೂ ಒಟ್ಟಿಗೆ ತಟ್ಟುವಂಥವು.

ಹೆಸರಿನ ಮೂಲದ ಬಗ್ಗೆ ಮಾಲಿಯಲ್ಲಿ ಪ್ರಸಿದ್ಧವಾದ ಒಂದು ಕಥೆಯಿದೆ. ಬರಮಂಗೊಲೊ ಮತ್ತು ನ್ಯಾಂಗೊಲೊ ಎಂಬ ಅಣ್ಣತಮ್ಮಂದಿರು ಶತ್ರುಗಳಿಂದ ತಪ್ಪಿಸಿಕೊಂಡು ಓಡುತ್ತಾ ನೈಜರ್ ನದಿಯ ದಡಕ್ಕೆ ಬಂದರಂತೆ. ದಾಟಲು ದೋಣಿಯಿರಲಿಲ್ಲ. ಆಗ ದೊಡ್ಡದೊಂದು ಮೀನು ಅವರನ್ನು ತನ್ನ ಬೆನ್ನಿನ ಮೇಲೆ ಹೊತ್ತು ಆಚೆ ದಡ ಮುಟ್ಟಿಸಿತು. ಬಂಬಾರಾದಲ್ಲಿ ‘ಕುಲುನ್’ ಎಂದರೆ ದೋಣಿ, ‘ಬಲಿ’ ಎಂಬುದು ಇಲ್ಲದಿರುವುದನ್ನು ಸೂಚಿಸುವ ಪ್ರತ್ಯಯ; ದೋಣಿಯಿಲ್ಲದೆ ನದಿ ದಾಟಿದವರ ಸಂತತಿಯೇ ಕುಲಿಬಾಲಿಗಳು ಎಂಬುದು ಕಥೆಯ ವಿವರಣೆ. ಅಣ್ಣತಮ್ಮಂದಿರಲ್ಲಿ ಒಬ್ಬನ ಸಂತತಿ ಸೆಗು ರಾಜ್ಯವನ್ನೂ ಇನ್ನೊಬ್ಬನ ಸಂತತಿ ಅದರ ವಾಯವ್ಯಕ್ಕಿದ್ದ ಕಾರ್ತಾ ರಾಜ್ಯವನ್ನೂ ಕಟ್ಟಿತು ಎಂದು ಕಥೆ ಮುಂದುವರಿಯುತ್ತದೆ. ಇದನ್ನು ನಡೆದ ಘಟನೆಯ ವರದಿಯೆಂದು ಓದುವ ಅಗತ್ಯವಿಲ್ಲ. ಪರಸ್ಪರ ಸೆಣಸುತ್ತಿದ್ದ ಎರಡು ಬಂಬಾರಾ ರಾಜ್ಯಗಳು ಮೂಲತಃ ಒಂದೇ ಮನೆಯವು ಎಂದು ಸಾರುವ ರಾಜಕೀಯ ಕೆಲಸವನ್ನು ಅದು ಮಾಡುತ್ತಿತ್ತು. ಪ್ರತಿ ಜಾಮುವಿಗೂ ‘ತನಾ’ ಎಂಬ ಒಂದು ನಿಷಿದ್ಧ ಪ್ರಾಣಿಯೋ ಸಸ್ಯವೋ ಇರುವ ಸಂಪ್ರದಾಯವೂ ಇಂಥ ಕಥೆಗಳಲ್ಲೇ ಬೇರೂರಿದೆ: ಪೂರ್ವಜರನ್ನು ಕಾಪಾಡಿದ ಜೀವಿಯನ್ನು ವಂಶಸ್ಥರು ಕೊಲ್ಲುವಂತಿಲ್ಲ, ತಿನ್ನುವಂತಿಲ್ಲ.

ಕಥೆಯಿಂದ ಇತಿಹಾಸಕ್ಕೆ ಬಂದರೆ ಮೊದಲು ಎದುರಾಗುವವನು ಮಮರಿ ಕುಲಿಬಾಲಿ. ಬಿತೊನ್ ಎಂಬ ಬಿರುದಿನಿಂದಲೇ ಹೆಚ್ಚು ಪರಿಚಿತನಾದ ಈತ ಸುಮಾರು 1712ರಿಂದ 1755ರವರೆಗೆ ಸೆಗುವನ್ನು ಆಳಿದನು. ಇಂದಿನ ಸೆಗು ನಗರವು ರಾಜಧಾನಿ ಬಮಾಕೊದಿಂದ ಸುಮಾರು 235 ಕಿಲೋಮೀಟರ್ ದೂರದಲ್ಲಿ ನೈಜರ್ ನದಿಯ ದಂಡೆಯ ಮೇಲಿದೆ. ಅಲ್ಲಿಗೆ ಸಮೀಪದ ಸೆಕೊರೊ ಗ್ರಾಮದಲ್ಲಿ ಬಿತೊನನ ಸಮಾಧಿಯಿದೆ. ಅವನು ಅಧಿಕಾರಕ್ಕೆ ಏರಿದ ಬಗೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಬಂಬಾರಾ ಹಳ್ಳಿಗಳಲ್ಲಿ ‘ತೊನ್’ ಎಂಬ ಯುವಕರ ಸಂಘವಿರುತ್ತಿತ್ತು. ಒಂದೇ ವಯಸ್ಸಿನ ಹುಡುಗರು ಸೇರಿ ಹೊಲಗಳಲ್ಲಿ ಕೂಡಿ ದುಡಿಯುವುದು, ಬೇಟೆಯಾಡುವುದು, ಹಬ್ಬ ನಡೆಸುವುದು ಅದರ ಕೆಲಸ. ಬಿತೊನ್ ಈ ಸಂಘದ ನಾಯಕನಾಗಿ ಅದನ್ನು ಮೆಲ್ಲಮೆಲ್ಲನೆ ಸೈನ್ಯವಾಗಿ ಮಾರ್ಪಡಿಸಿದನು. ಯುದ್ಧದಲ್ಲಿ ಸೆರೆಸಿಕ್ಕವರು, ಸಾಲ ತೀರಿಸಲಾಗದವರು, ಶಿಕ್ಷೆಗೆ ಗುರಿಯಾದವರು ಎಲ್ಲರೂ ಸಂಘದ ಆಳುಗಳಾಗಿ ಅದರೊಳಗೆ ಬಂದರು. ‘ತೊನ್‌ಜೊನ್’ ಎಂದು ಕರೆಯಲಾದ ಈ ಪಡೆಯವರಿಗೆ ತಮ್ಮ ಹುಟ್ಟೂರಿನ ನಂಟು ಕಡಿದುಹೋಗಿ ಸಂಘವೇ ಮನೆಯಾಯಿತು. ನದಿಯ ಮೇಲಿನ ಸಾಗಾಟವನ್ನು ಸೊಮೊನೊ ಎಂಬ ಬೆಸ್ತರ ಸಮುದಾಯ ನೋಡಿಕೊಂಡಿತು.

ಬಿತೊನನ ಮರಣದ ನಂತರ ಆಳುಗಳ ಆ ಪಡೆಯೇ ಅರಸರನ್ನು ಏರಿಸುವ, ಇಳಿಸುವ ಶಕ್ತಿಯಾಯಿತು. ಕೊನೆಗೆ 1766ರ ಸುಮಾರಿಗೆ ಅವರಲ್ಲೇ ಒಬ್ಬನಾಗಿದ್ದ ಎನ್‌ಗೊಲೊ ಜಾರಾ ಸಿಂಹಾಸನವನ್ನು ವಶಪಡಿಸಿಕೊಂಡು ಹೊಸ ರಾಜವಂಶವನ್ನು ಆರಂಭಿಸಿದನು. ಸ್ಕಾಟ್ಲೆಂಡಿನ ಪ್ರವಾಸಿ ಮುಂಗೊ ಪಾರ್ಕ್ 1796ರ ಜುಲೈಯಲ್ಲಿ ಸೆಗು ತಲುಪಿ ನೈಜರ್ ನದಿ ಪೂರ್ವಕ್ಕೆ ಹರಿಯುವುದನ್ನು ಕಂಡಾಗ ಆಳುತ್ತಿದ್ದವನು ಜಾರಾ ವಂಶದ ಮನ್ಸೊಂಗ್. ಅವನು ಪಾರ್ಕ್‌ನಿಗೆ ನಗರಪ್ರವೇಶವನ್ನು ನಿರಾಕರಿಸಿದರೂ ದಾರಿಖರ್ಚಿಗೆಂದು 5,000 ಕವಡೆಗಳ ಚೀಲವನ್ನು ಕಳುಹಿಸಿದನು. ಹಿಂದೂ ಮಹಾಸಾಗರದ ಮಾಲ್ಡೀವ್ಸ್ ದ್ವೀಪಗಳಲ್ಲಿ ಸಿಗುವ ಕವಡೆ ಅಷ್ಟು ದೂರದಲ್ಲಿ ನಾಣ್ಯವಾಗಿ ಚಲಾವಣೆಯಲ್ಲಿತ್ತು. ಕುಲಿಬಾಲಿಗಳ ಇನ್ನೊಂದು ಶಾಖೆಯಾದ ಮಸಾಸಿಗಳು ಕಾರ್ತಾವನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಆಳಿದರು. ಇಸ್ಲಾಂ ಧರ್ಮನಾಯಕ ಎಲ್ ಹಜ್ ಉಮರ್ ತಾಲ್‌ನ ಧರ್ಮಯುದ್ಧದಲ್ಲಿ ಮೊದಲು ಕಾರ್ತಾ, ಬಳಿಕ 1861ರಲ್ಲಿ ಸೆಗು ಪತನಗೊಂಡವು.

ಈ ಇತಿಹಾಸದಲ್ಲಿ ನಾವು ಹಿಡಿದುಕೊಳ್ಳಬೇಕಾದ ಎಳೆಯೊಂದಿದೆ. ಬಂಬಾರಾ ಮತ್ತು ಅದರ ಸೋದರಭಾಷೆಗಳನ್ನಾಡುವ ಮಾಂಡೆ ಭಾಷಿಕರ ನಾಡಿನಲ್ಲಿ ಸೆರೆಯಾಳಾಗಿ ಬಂದವನ ಮಕ್ಕಳು, ಮೊಮ್ಮಕ್ಕಳು ಒಡೆಯನ ಮನೆಯಲ್ಲೇ ಹುಟ್ಟಿ ಬೆಳೆದಾಗ ಒಡೆಯನ ಜಾಮುವನ್ನೇ ಧರಿಸುವ ರೂಢಿಯಿತ್ತು. ಆಶ್ರಯ ಬೇಡಿ ಬಂದವರೂ ಆಶ್ರಯ ಕೊಟ್ಟವರ ಹೆಸರನ್ನು ತೆಗೆದುಕೊಳ್ಳುತ್ತಿದ್ದರು. ಹೀಗಿರುವಾಗ ಒಂದೂವರೆ ಶತಮಾನ ಕಾಲ ಅರಸುತನದ ತೇಜಸ್ಸನ್ನು ಹೊತ್ತ ಹೆಸರೊಂದು ಎಷ್ಟು ಬೇರೆಬೇರೆ ರಕ್ತಗಳ ಮೇಲೆ ಹರಡಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಮನೆತನದ ಹೆಸರುಗಳನ್ನು ವಿಜ್ಞಾನಿಗಳು ಬಹಳ ಹಿಂದಿನಿಂದಲೂ ಅಧ್ಯಯನದ ಸಾಧನವಾಗಿ ಬಳಸಿದ್ದಾರೆ. ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ ಡಾರ್ವಿನ್ 1875ರಲ್ಲಿ, ಇಂಗ್ಲೆಂಡಿನಲ್ಲಿ ಒಂದೇ ಉಪನಾಮದ ಗಂಡುಹೆಣ್ಣುಗಳ ನಡುವೆ ನಡೆದ ಮದುವೆಗಳನ್ನು ಎಣಿಸಿ, ಅದರಿಂದ ಹತ್ತಿರದ ಸಂಬಂಧಿಗಳ ವಿವಾಹದ ಪ್ರಮಾಣವನ್ನು ಅಂದಾಜು ಮಾಡಿದನು. 1965ರಲ್ಲಿ ಜೇಮ್ಸ್ ಕ್ರೋ ಮತ್ತು ಆರ್ಥರ್ ಮ್ಯಾಂಗೆ ಈ ಯೋಚನೆಗೆ ಗಣಿತದ ಅಚ್ಚುಕಟ್ಟಾದ ರೂಪ ಕೊಟ್ಟರು. ಅವರ ತರ್ಕ ಸರಳವಾಗಿದೆ. ಒಬ್ಬ ವ್ಯಕ್ತಿಗೆ ದೊಡ್ಡಪ್ಪ-ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ದೊಡ್ಡಮ್ಮ-ಚಿಕ್ಕಮ್ಮ ಎಂದು ನಾಲ್ಕು ಕಡೆಯಿಂದ ಮೊದಲ ಸುತ್ತಿನ ದಾಯಾದಿ, ಬಂಧುಗಳಿರುತ್ತಾರೆ. ಹೆಸರು ತಂದೆಯಿಂದ ಬರುವಲ್ಲಿ ಇವರಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು ಮಾತ್ರ ನಮ್ಮ ಹೆಸರನ್ನೇ ಹೊತ್ತಿರುತ್ತಾರೆ. ಆದುದರಿಂದ ಒಂದೇ ಹೆಸರಿನವರ ಮದುವೆಗಳ ಪ್ರಮಾಣಕ್ಕೂ ಜನಸಮುದಾಯದ ಒಳಸಂತಾನದ (ರಕ್ತಸಂಬಂಧಿಗಳ ನಡುವಿನ ಸಂತಾನದ) ಪ್ರಮಾಣಕ್ಕೂ ನಿಶ್ಚಿತ ಅನುಪಾತವಿರುತ್ತದೆ. ಈ ಲೆಕ್ಕ ಕರ್ನಾಟಕದಲ್ಲಿ ನಡೆಯದು ಎಂಬುದು ನಮ್ಮ ಓದುಗರಿಗೆ ಕೂಡಲೇ ಹೊಳೆಯುತ್ತದೆ: ಇಲ್ಲಿ ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ಮದುವೆಯಾಗುವ ಪದ್ಧತಿ ಹಲವು ಸಮುದಾಯಗಳಲ್ಲಿದ್ದು, ತಂದೆಯ ಕಡೆಯ ದಾಯಾದಿಗಳ ನಡುವೆ ಮದುವೆ ನಿಷಿದ್ಧವಾದುದರಿಂದ, ರಕ್ತಸಂಬಂಧದ ವಿವಾಹಗಳಿದ್ದರೂ ಹೆಸರುಗಳು ಅದನ್ನು ತೋರಿಸುವುದಿಲ್ಲ. ಮಾಲಿಯಲ್ಲಿ ತಪ್ಪು ಇದಕ್ಕೆ ತದ್ವಿರುದ್ಧವಾದ ದಿಕ್ಕಿನಲ್ಲಿ ಆಗುತ್ತದೆ. ಕುಲಿಬಾಲಿಯೊಬ್ಬನು ಕುಲಿಬಾಲಿಯೊಬ್ಬಳನ್ನು ಮದುವೆಯಾದರೆ ಲೆಕ್ಕವು ಅವರನ್ನು ಬಂಧುಗಳೆಂದು ಎಣಿಸುತ್ತದೆ. ವಾಸ್ತವದಲ್ಲಿ ಅವರಿಬ್ಬರ ಪೂರ್ವಜರು ಒಬ್ಬರನ್ನೊಬ್ಬರು ಕಂಡೇ ಇರದಿರಬಹುದು.

ಹೆಸರು ಮತ್ತು ತಳಿಗುಣ ಒಟ್ಟೊಟ್ಟಿಗೆ ಸಾಗುವ ಉದಾಹರಣೆಗಳೂ ಇವೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುವುದರಿಂದ ತಂದೆಯ ಕಡೆಯ ಉಪನಾಮದ ದಾರಿಯೂ ಅದರ ದಾರಿಯೂ ಒಂದೇ. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ 2000ದಲ್ಲಿ ತನ್ನದೇ ಉಪನಾಮದ ಗಂಡಸರನ್ನು ಪರೀಕ್ಷಿಸಿದಾಗ ಅರ್ಧಕ್ಕೆ ಸಮೀಪದಷ್ಟು ಜನರಲ್ಲಿ ಒಂದೇ ಬಗೆಯ ವೈ ವರ್ಣತಂತು ಕಂಡುಬಂತು. ಆ ಹೆಸರು ಬಹುಶಃ ಒಬ್ಬನೇ ಮೂಲಪುರುಷನಿಂದ ಬಂದುದು ಎಂಬ ತೀರ್ಮಾನಕ್ಕೆ ಅದು ದಾರಿಮಾಡಿತು. ಇಂಥ ಫಲಿತಾಂಶವನ್ನು ಕುಲಿಬಾಲಿಗಳಲ್ಲಿ ನಿರೀಕ್ಷಿಸಲು ಆಧಾರವಿಲ್ಲ. ಮತ್ತೊಂದು ಹಳೆಯ ಲೆಕ್ಕವನ್ನೂ ಇಲ್ಲಿ ನೆನೆಯಬೇಕು. ಉಪನಾಮಗಳು ಕಾಲಕ್ರಮದಲ್ಲಿ ಅಳಿದುಹೋಗುವುದೇಕೆ ಎಂಬ ಪ್ರಶ್ನೆಯನ್ನು ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಎತ್ತಿದನು. ಹೆನ್ರಿ ವಾಟ್ಸನ್ ಅದನ್ನು ಗಣಿತಕ್ಕೆ ಇಳಿಸಿದನು. ಪ್ರತಿ ತಲೆಮಾರಿನಲ್ಲೂ ಕೆಲವರಿಗೆ ಗಂಡುಮಕ್ಕಳಿರುವುದಿಲ್ಲ. ಅಲ್ಲಿಗೆ ಆ ಕವಲಿನಲ್ಲಿ ಹೆಸರು ನಿಲ್ಲುತ್ತದೆ. ಹೊಸ ಹೆಸರುಗಳು ಹುಟ್ಟದಿದ್ದರೆ ತಲೆಮಾರು ಕಳೆದಂತೆ ಹೆಸರುಗಳ ಸಂಖ್ಯೆ ಕುಗ್ಗುತ್ತಾ ಉಳಿದ ಕೆಲವೇ ಹೆಸರುಗಳು ಭಾರಿಯಾಗುತ್ತವೆ. ಮಾಂಡೆ ನಾಡಿನಲ್ಲಿ ಕೆಲವೇ ಜಾಮುಗಳು ಬಹುಜನರನ್ನು ಆವರಿಸಿರುವುದಕ್ಕೆ ಈ ಯಾದೃಚ್ಛಿಕ ಕ್ರಿಯೆಯೂ ಒಂದು ಕಾರಣವಾಗಿರಬಹುದು. ಆದರೆ ಅಲ್ಲಿ ದೊಡ್ಡ ಹೆಸರುಗಳು ಹುಟ್ಟಿನಿಂದಷ್ಟೇ ಬೆಳೆದವಲ್ಲ. ಹೊರಗಿನವರನ್ನು ಸೇರಿಸಿಕೊಳ್ಳುತ್ತಲೂ ಬೆಳೆದವು, ಮತ್ತು ನನಗೆ ಅದೇ ಹೆಚ್ಚು ತೂಕದ ಕಾರಣವಾಗಿ ಕಾಣುತ್ತದೆ.

ಸೇರಿಸಿಕೊಳ್ಳುವ ಈ ಗುಣಕ್ಕೆ ಭಾಷೆಯ ಗಡಿಯೂ ಅಡ್ಡಿಯಾಗಲಿಲ್ಲ. ಪಶ್ಚಿಮ ಆಫ್ರಿಕದಲ್ಲಿ ಒಂದು ಜನಾಂಗದ ಜಾಮುವಿಗೆ ಇನ್ನೊಂದು ಜನಾಂಗದಲ್ಲಿ ಸಮಾನವಾದ ಹೆಸರೊಂದಿರುತ್ತದೆ. ಮಾಲಿಯ ತ್ರಾವೊರೆ ಸೆನೆಗಲ್‌ಗೆ ಹೋದರೆ ಜೊಪ್ ಎನಿಸಿಕೊಳ್ಳಬಹುದು, ಜಾರಾ ಅಲ್ಲಿ ಎನ್‌ಜಾಯ್ ಆಗಬಹುದು. ಐವರಿ ಕೋಸ್ಟ್‌ನ ಉತ್ತರದಲ್ಲಿರುವ ಸೆನುಫೊ ಜನರಲ್ಲಿ ಸೊರೊ ಎಂಬ ಹೆಸರನ್ನು ಕುಲಿಬಾಲಿಗೆ ಸಮಾನವೆಂದು ಎಣಿಸುತ್ತಾರೆ. ದೂರದ ವ್ಯಾಪಾರಕ್ಕೆ ಹೋದವನಿಗೆ ಅಪರಿಚಿತ ಊರಿನಲ್ಲಿ ಉಳಿಯಲು ಮನೆ, ನಂಬಲು ಜನ, ಕಷ್ಟಕ್ಕೆ ಆಗುವ ‘ಅಣ್ಣತಮ್ಮಂದಿರು’ ಈ ಸಮಾನತೆಯ ಮೂಲಕ ಸಿಗುತ್ತಿದ್ದರು. ಸೆನುಫೊ ನಾಡಿನ ಕೊರೊಗೊ ಪಟ್ಟಣದ ಪ್ರಖ್ಯಾತ ನಾಯಕ ಪೆಲೆಫೊರೊ ಗ್ಬೊನ್ ಕುಲಿಬಾಲಿಯ ಹೆಸರು ಇಂದು ಅಲ್ಲಿನ ವಿಶ್ವವಿದ್ಯಾಲಯಕ್ಕಿದೆ. ಅದೇ ಮನೆತನದ ಅಮಾದು ಗೊನ್ ಕುಲಿಬಾಲಿ 2017ರಿಂದ 2020ರಲ್ಲಿ ತೀರಿಕೊಳ್ಳುವವರೆಗೆ ಐವರಿ ಕೋಸ್ಟ್‌ನ ಪ್ರಧಾನಮಂತ್ರಿಯಾಗಿದ್ದರು. ಇವರನ್ನು ಹೆಸರಿನ ಆಧಾರದಿಂದ ಬಂಬಾರಾ ಎಂದು ಯಾರಾದರೂ ವಿಂಗಡಿಸಿದರೆ ತಪ್ಪಾಗುತ್ತದೆ. ಫ್ರೆಂಚ್ ಆಡಳಿತದ ಗುಮಾಸ್ತರು ಜಾಮುವನ್ನು ಕಾಗದದ ಮೇಲೆ ಸ್ಥಿರವಾದ ಉಪನಾಮವಾಗಿ ದಾಖಲಿಸಿದ ಮೇಲೆ ಸಂದರ್ಭಕ್ಕೆ ತಕ್ಕಂತೆ ಹೆಸರನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ಕುಗ್ಗಿತು, ರೋಮನ್ ಲಿಪಿಯಲ್ಲಿ ಒಂದೇ ಹೆಸರಿಗೆ ಹಲವು ಕಾಗುಣಿತಗಳೂ ಹುಟ್ಟಿಕೊಂಡವು.

ಆಧುನಿಕ ಕಾಲದ ಕುಲಿಬಾಲಿಗಳಲ್ಲಿ ದಾನಿಯಲ್ ವೆಜಾನ್ ಕುಲಿಬಾಲಿಯವರನ್ನು ವಿಶೇಷವಾಗಿ ನೆನೆಯಬೇಕು. ಇಂದಿನ ಬುರ್ಕಿನಾ ಫಾಸೊದಲ್ಲಿ 1909ರಲ್ಲಿ ಹುಟ್ಟಿ, ಶಿಕ್ಷಕರಾಗಿ, ವಸಾಹತುಶಾಹಿಯ ವಿರುದ್ಧ ಸಂಘಟನೆ ಕಟ್ಟಿ, 1957ರಲ್ಲಿ ಆ ನಾಡಿನ ಸರ್ಕಾರದ ನೇತೃತ್ವ ವಹಿಸಿದ ಅವರು ಮರುವರ್ಷವೇ ತೀರಿಕೊಂಡರು. ಅವರ ಪತ್ನಿ ಸೆಲೆಸ್ತಿನ್ 1949ರ ಡಿಸೆಂಬರ್‌ನಲ್ಲಿ, ಸೆರೆಯಲ್ಲಿದ್ದ ರಾಜಕೀಯ ನಾಯಕರ ಬಿಡುಗಡೆಗಾಗಿ ಐವರಿ ಕೋಸ್ಟ್‌ನ ಗ್ರಾಂ-ಬಾಸಾಂ ಪಟ್ಟಣದ ಕಾರಾಗೃಹದತ್ತ ಹೊರಟ ಮಹಿಳೆಯರ ಮೆರವಣಿಗೆಯ ಮುಂದಾಳುಗಳಲ್ಲಿ ಒಬ್ಬರು. ಹುಟ್ಟಿನಿಂದ ಅವರು ತ್ರಾವೊರೆ. ಮಾಲಿ ಮತ್ತು ಸುತ್ತಲಿನ ನಾಡುಗಳಲ್ಲಿ ಹೆಣ್ಣುಮಕ್ಕಳು ಮದುವೆಯಾದ ಮೇಲೂ ತವರಿನ ಜಾಮುವನ್ನೇ ಉಳಿಸಿಕೊಳ್ಳುವುದು ಸಾಂಪ್ರದಾಯಿಕ ರೂಢಿ. ಗಂಡನ ಹೆಸರನ್ನು ಸೇರಿಸಿಕೊಳ್ಳುವುದು ಫ್ರೆಂಚ್ ಪದ್ಧತಿಯೊಡನೆ ಬಂದದ್ದು. ಕ್ರೀಡಾಸಕ್ತರಿಗೆ ಪರಿಚಿತನಾದ ಕಾಲಿದು ಕುಲಿಬಾಲಿ 1991ರಲ್ಲಿ ಫ್ರಾನ್ಸಿನಲ್ಲಿ ಸೆನೆಗಲ್ ಮೂಲದ ತಂದೆತಾಯಿಗೆ ಹುಟ್ಟಿದವನು. 2022ರ ಫೆಬ್ರುವರಿಯಲ್ಲಿ ಸೆನೆಗಲ್ ಮೊದಲ ಬಾರಿಗೆ ಆಫ್ರಿಕ ಖಂಡದ ಫುಟ್‌ಬಾಲ್ ಕಪ್ಪನ್ನು ಗೆದ್ದಾಗ ತಂಡದ ನಾಯಕ ಅವನೇ.

ಇನ್ನು ಆರಂಭದಲ್ಲಿ ಹೇಳಿದ ನಗುವಿನ ವಿಚಾರ. ಮಾಂಡೆ ಜನರಲ್ಲಿ ‘ಸನಂಕುಯಾ’ ಎಂಬ ಸಾಮಾಜಿಕ ಕಟ್ಟಳೆಯಿದೆ. ಕೆಲವು ನಿರ್ದಿಷ್ಟ ಜಾಮುಗಳವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಗೇಲಿ ಮಾಡಬಹುದು. ಮಾಡಲೇಬೇಕು ಎಂದರೂ ಸರಿಯೇ. ಗೇಲಿಗೆ ಒಳಗಾದವರು ಕೋಪಿಸಿಕೊಳ್ಳುವಂತಿಲ್ಲ. ಕೇತಾ ಮತ್ತು ಕುಲಿಬಾಲಿ, ತ್ರಾವೊರೆ ಮತ್ತು ಜಾರಾ ಇಂಥ ಜೋಡಿಗಳು. ಕುಲಿಬಾಲಿಗಳನ್ನಂತೂ ಬಹುತೇಕ ಎಲ್ಲರೂ ಕೆಣಕುತ್ತಾರೆ, ಅವರೂ ಅಷ್ಟೇ ಚುರುಕಾಗಿ ಮರುಬಾಣ ಬಿಡುತ್ತಾರೆ. ಹದಿಮೂರನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಸ್ಥಾಪಿಸಿದ ಸುಂಜಾತಾ ಕೇತಾ ಕುರುಕಾನ್ ಫುಗಾ ಬಯಲಿನಲ್ಲಿ ಸೇರಿಸಿದ ಸಭೆಯಲ್ಲಿ ಈ ಕಟ್ಟಳೆಯನ್ನು ಸ್ಥಾಪಿಸಿದನೆಂದು ಜೆಲಿಗಳು, ಎಂದರೆ ವಂಶಪಾರಂಪರ್ಯದ ಹಾಡುಗಾರ-ಚರಿತ್ರಕಾರರು, ಹೇಳುತ್ತಾರೆ. ಆ ಸಭೆಯ ಮೌಖಿಕ ಶಾಸನವನ್ನು ಯುನೆಸ್ಕೊ 2009ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕುಲಿಬಾಲಿಗಳ ಮೇಲಿನ ಅತಿಸಾಮಾನ್ಯ ಗೇಲಿ ಒಂದೇ ಒಂದು: ‘ನೀನು ಶೊ ತಿನ್ನುವವನು.’ ಶೊ ಎಂದರೆ ನಮ್ಮ ಅಲಸಂದೆ. ಈ ಬೆಳೆಯ ತವರೇ ಆಫ್ರಿಕ. ಘಾನಾ ದೇಶದ ಕಿಂಟಾಂಪೊ ಸಂಸ್ಕೃತಿಯ ನೆಲೆಗಳಲ್ಲಿ ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ಅಲಸಂದೆಯ ಕಾಳುಗಳು ಸಿಕ್ಕಿವೆ. ಸಜ್ಜೆ, ಜೋಳ, ರಾಗಿಗಳಂತೆ ಅದೂ ಪ್ರಾಚೀನ ಕಾಲದಲ್ಲೇ ಆಫ್ರಿಕದಿಂದ ಭಾರತಕ್ಕೆ ಬಂದು ನಮ್ಮ ಹೊಲಗಳಲ್ಲಿ ನೆಲೆಯಾಯಿತು. ಕಡಿಮೆ ಮಳೆಯಲ್ಲೂ ಬೆಳೆದು, ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಈ ಕಾಳು ಬಡವರ ಪಾಲಿನ ಮುಖ್ಯ ಪ್ರೋಟೀನ್. ಗೇಲಿ ಹುಟ್ಟುವುದು ಅದರ ಜೀರ್ಣಕ್ರಿಯೆಯಿಂದ. ಅಲಸಂದೆಯಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಂಯುಕ್ತ ಸಕ್ಕರೆಗಳಿವೆ. ಅವುಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಹಾಗಾಗಿ ಅವು ಒಡೆಯದೆ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿನ ಬ್ಯಾಕ್ಟೀರಿಯಗಳು ಅವನ್ನು ಹುದುಗಿಸಿದಾಗ ಜಲಜನಕ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಉಂಟಾಗುತ್ತವೆ. ಅರಸುವಂಶದ ಹೆಸರು ಹೊತ್ತವನಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ ಎಂಬುದನ್ನು ಆ ಮಾತು ನೆನಪಿಸುತ್ತದೆ.

ಬ್ರಿಟಿಷ್ ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಇಂಥ ಗೇಲಿಯ ಸಂಬಂಧಗಳಿಗೆ ಒಂದು ವಿವರಣೆ ಕೊಟ್ಟನು. ಎರಡು ಗುಂಪುಗಳು ಒಂದು ರೀತಿಯಲ್ಲಿ ಬೆಸೆದುಕೊಂಡಿದ್ದು ಇನ್ನೊಂದು ರೀತಿಯಲ್ಲಿ ಬೇರೆಯೇ ಆಗಿದ್ದಾಗ ಜಗಳದ ಅಪಾಯ ಹೆಚ್ಚು. ಅದನ್ನು ತಪ್ಪಿಸಲು ಅತಿಯಾದ ಗೌರವ ಒಂದು ದಾರಿ, ಎಲ್ಲರೂ ಒಪ್ಪಿದ ಅಗೌರವ ಮತ್ತೊಂದು ದಾರಿ. ನಮ್ಮಲ್ಲಿ ಮಾವನ ಮುಂದೆ ತಗ್ಗಿ ನಿಲ್ಲುವ ಅಳಿಯನೇ ಭಾವಮೈದುನನೊಡನೆ ಮನಬಂದಂತೆ ಹಾಸ್ಯ ಮಾಡುವುದನ್ನು ನೋಡಿದವರಿಗೆ ಈ ವಿವರಣೆ ಸುಲಭವಾಗಿ ಮನದಟ್ಟಾಗುತ್ತದೆ. ಫ್ರಾನ್ಸಿನ ಮಾರ್ಸೆಲ್ ಗ್ರಿಯೋಲ್ 1948ರಲ್ಲಿ, ಮಾಲಿಯ ದೊಗೊನ್ ಮತ್ತು ಬೊಜೊ ಜನರ ನಡುವಿನ ಬೈಗುಳದ ವಿನಿಮಯವನ್ನು ಪರಸ್ಪರ ಶುದ್ಧೀಕರಣದ ಕ್ರಿಯೆಯೆಂದು ವಾದಿಸಿದನು.

ಇವೆಲ್ಲ ವ್ಯಾಖ್ಯಾನಗಳಾದವು. ಜಾಮು ನಿಜಕ್ಕೂ ಜನರ ನಡವಳಿಕೆಯನ್ನು ಬದಲಿಸುತ್ತದೆಯೇ ಎಂಬುದನ್ನು ಪ್ರಯೋಗದಿಂದಲೇ ಪರೀಕ್ಷಿಸಿದವರು ರಾಜ್ಯಶಾಸ್ತ್ರಜ್ಞರಾದ ಥ್ಯಾಡ್ ಡನಿಂಗ್ ಮತ್ತು ಲಾರೆನ್ ಹ್ಯಾರಿಸನ್. ಹಲವು ಜನಾಂಗಗಳಿರುವ ಮಾಲಿಯಲ್ಲಿ ಜನಾಂಗದ ಆಧಾರದ ಮತದಾನ ಇತರ ಅನೇಕ ಆಫ್ರಿಕನ್ ದೇಶಗಳಿಗಿಂತ ದುರ್ಬಲವಾಗಿರುವುದೇಕೆ ಎಂಬುದು ಅವರ ಪ್ರಶ್ನೆ. ಬಮಾಕೊದಲ್ಲಿ ಅವರು ಜನರಿಗೆ ರಾಜಕಾರಣಿಯೊಬ್ಬರ ಭಾಷಣದ ವಿಡಿಯೊ ತೋರಿಸಿದರು. ಭಾಷಣ ಒಂದೇ, ಭಾಷಣಕಾರನ ಜಾಮುವನ್ನು ಮಾತ್ರ ಬದಲಿಸಿ, ಅವನು ಕೆಲವರಿಗೆ ತಮ್ಮ ಜನಾಂಗದವನಾಗಿ, ಕೆಲವರಿಗೆ ಬೇರೆ ಜನಾಂಗದವನಾಗಿ, ಕೆಲವರಿಗೆ ಸನಂಕುಯಾ ನಂಟಿನವನಾಗಿ, ಕೆಲವರಿಗೆ ಆ ನಂಟಿಲ್ಲದವನಾಗಿ ಕಾಣುವಂತೆ ಮಾಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಜನರು ತಮ್ಮ ಜನಾಂಗದವನಿಗೆ ಹೆಚ್ಚು ಒಲವು ತೋರಿದ್ದು ನಿಜ. ಆದರೆ ಅಭ್ಯರ್ಥಿ ಬೇರೆ ಜನಾಂಗದವನಾಗಿದ್ದರೂ ಗೇಲಿಯ ನಂಟಿನವನಾಗಿದ್ದರೆ ಆ ಅಂತರ ಬಹುಮಟ್ಟಿಗೆ ತುಂಬಿಹೋಗುತ್ತಿತ್ತು. ಜನಾಂಗದ ಗೆರೆಗಳನ್ನು ಅಡ್ಡಹಾಯುವ ಇನ್ನೊಂದು ಗೆರೆಯನ್ನು ಹೆಸರುಗಳು ಎಳೆದಿದ್ದುದರಿಂದ ಮೊದಲಿನ ಗೆರೆಯ ಬಿರುಸು ತಗ್ಗಿತ್ತು. ಯಾವ ಪೂರ್ವಜನಿಂದ ಬಂದೆ ಎಂಬುದಕ್ಕಿಂತ ಯಾರೊಡನೆ ನಗಬಲ್ಲೆ ಎಂಬುದನ್ನು ಜಾಮು ಹೆಚ್ಚು ಖಚಿತವಾಗಿ ಹೇಳುತ್ತದೆ ಎಂಬ ನನ್ನ ನಂಬಿಕೆಗೆ ಈ ಪ್ರಯೋಗವೇ ಮುಖ್ಯ ಆಧಾರ.

ಇಷ್ಟು ಹೇಳಿ ಸನಂಕುಯಾವನ್ನು ಸರ್ವರೋಗಗಳ ಮದ್ದೆಂದು ಬಣ್ಣಿಸುವುದು ಪ್ರಾಮಾಣಿಕತೆಯಾಗದು. 2012ರಿಂದ ಮಾಲಿಯನ್ನು ಕಾಡುತ್ತಿರುವ ಸಶಸ್ತ್ರ ಸಂಘರ್ಷವನ್ನು ಈ ಕಟ್ಟಳೆ ತಡೆಯಲಿಲ್ಲ. ಗೇಲಿಯ ಒಳಗೇ ಒಂದು ನೋವೂ ಅಡಗಿದೆ. ಅಲಸಂದೆಯ ಮಾತಿನ ಜೊತೆಗೆ ಸನಂಕುಯಾದಲ್ಲಿ ಪದೇಪದೇ ಕೇಳಿಬರುವ ಇನ್ನೊಂದು ಮಾತು ‘ನೀನು ನನ್ನ ಗುಲಾಮ’ ಎಂಬುದು. ಕೇತಾ ಮತ್ತು ಕುಲಿಬಾಲಿ ಪರಸ್ಪರ ಹೀಗೆ ಹೇಳಿಕೊಂಡು ನಗಬಲ್ಲರು, ಏಕೆಂದರೆ ಅದು ಸುಳ್ಳೆಂದು ಇಬ್ಬರಿಗೂ ಗೊತ್ತು. ಆದರೆ ಒಡೆಯನ ಜಾಮುವನ್ನು ಪಡೆದ ಸೆರೆಯಾಳುಗಳ ವಂಶಸ್ಥರ ವಿಷಯದಲ್ಲಿ ಮಾತು ಹಾಗಲ್ಲ. ಹೊರಗಿನವರ ಕಣ್ಣಿಗೆ ಅವರೂ ಒಡೆಯನ ಮನೆತನದವರೇ. ಊರಿನೊಳಗೆ ಮಾತ್ರ ಯಾರ ಅಜ್ಜ ಹೇಗೆ ಬಂದನೆಂಬುದನ್ನು ಜನ ಮರೆತಿರುವುದಿಲ್ಲ, ಮತ್ತು ಹೆಣ್ಣು ಕೊಡುವಾಗ, ಊರಿನ ಮುಖ್ಯಸ್ಥನನ್ನು ಆರಿಸುವಾಗ ಆ ನೆನಪು ಮುಂದೆ ಬಂದು ನಿಲ್ಲುತ್ತದೆ. ಪಶ್ಚಿಮ ಮಾಲಿಯ ಕಾಯ್ ಪ್ರದೇಶದಲ್ಲಿ, ಮುಖ್ಯವಾಗಿ ಸೊನಿಂಕೆ ಸಮುದಾಯದ ಊರುಗಳಲ್ಲಿ, ಹುಟ್ಟಿನಿಂದ ಗುಲಾಮರೆನಿಸಿಕೊಳ್ಳಲು ಇನ್ನು ಒಪ್ಪೆವೆಂದು ಎದ್ದುನಿಂತ ಕುಟುಂಬಗಳು ಕಳೆದ ಕೆಲವು ವರ್ಷಗಳಲ್ಲಿ ಹಲ್ಲೆಗಳನ್ನೂ ಊರಿನಿಂದ ಹೊರದೂಡುವಿಕೆಯನ್ನೂ ಅನುಭವಿಸಿವೆ. ಕೆಲವರು ಪ್ರಾಣವನ್ನೇ ಕಳೆದುಕೊಂಡಿದ್ದಾರೆ. ಅಂಥವರ ಮುಂದೆ ಆ ಗೇಲಿಯ ಮಾತನ್ನು ಸಭ್ಯರು ಆಡುವುದಿಲ್ಲ. ಹೊರಗಿನವರನ್ನು ಒಳಗೆ ಸೇರಿಸಿಕೊಂಡು ಬೆಳೆದ ಹೆಸರುಗಳು ಹಾಗೆ ಸೇರಿದವರಿಗೆಲ್ಲ ಸಮಾನ ಸ್ಥಾನವನ್ನು ಕೊಟ್ಟವೇ ಎಂಬ ಪ್ರಶ್ನೆಯನ್ನು ಈಗ ಎತ್ತುತ್ತಿರುವವರು ಆ ಹೆಸರುಗಳನ್ನು ಹೊತ್ತ ಜನರೇ.